ಬ್ರೇಕ್ ಬಿಡದ ಕಾಲು

ಜೂನ್ 3, ಮಂಗಳವಾರ

ನೋವು: ಹತ್ತಕ್ಕೆ ಎಂಟು.

ದಿನವೂ ಬರೆಯಬೇಕು ಎಂದು ಫಿಸಿಯೋ ಮೇಡಂ ಹೇಳಿದ್ದಾರೆ. ಎಲ್ಲಿ ನೋವು, ಎಷ್ಟು ನೋವು, ಆಗ ಏನು ಮಾಡುತ್ತಿದ್ದೆ. "ಯಾರಿಗೂ ತೋರಿಸ್ಬೇಡಿ ಅಂಕಲ್, ನನಗೂ ಬೇಡ. ನಿಮಗೋಸ್ಕರ ಬರ್ಕೊಳ್ಳಿ" ಎಂದರು.

ಬರೆಯುವುದು ನನಗೆ ಹೊಸದಲ್ಲ. ಪಾಳಿ ಮುಗಿಸಿ ಬಸ್ಸನ್ನು ಡಿಪೋಗೆ ಬಿಟ್ಟ ಮೇಲೆ ಡ್ರೈವರ್ ಆದವನು ಗಾಡಿಯ ದೋಷ ಬರೆದಿಡಬೇಕು. ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿದೆ. ಹಿಂದಿನ ಬಾಗಿಲು ಮುಚ್ಚುತ್ತಿಲ್ಲ. ಮರುದಿನ ಬೆಳಿಗ್ಗೆ ಅದರ ಕೆಳಗೆ ಮೆಕ್ಯಾನಿಕ್ಕನ ಕೈಬರಹ ಇರುತ್ತದೆ: ನೋಡಲಾಗಿದೆ, ಸರಿ ಇದೆ. ಗಾಡಿ ಮಾತ್ರ ಎಡಕ್ಕೇ ಎಳೆಯುತ್ತಿರುತ್ತದೆ.

ಹಾಗೆಯೇ ಬರೆಯುತ್ತೇನೆ.

ದೋಷ: ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಇಲ್ಲದ ಪಾದ ಬ್ರೇಕ್ ಒತ್ತಿಕೊಂಡೇ ಇದೆ. ಬೆರಳುಗಳು ಮುದುಡಿವೆ, ಮೀನಖಂಡ ಕಲ್ಲಾಗಿದೆ, ಹಿಮ್ಮಡಿಗೆ ಮೊಳೆ ಹೊಡೆದಂತಿದೆ. ಬ್ರೇಕ್ ಬಿಡುತ್ತಿಲ್ಲ.

ದೊಡ್ಡ ಡಾಕ್ಟರು ಗಾಯ ನೋಡಿ ಹೇಳಿದ್ದು: "ಚೆನ್ನಾಗಿ ಒಣಗಿದೆ. ಸರಿ ಇದೆ."

ಜೂನ್ 4, ಬುಧವಾರ

ನೋವು: ಎಂಟು. ಮಧ್ಯಾಹ್ನ ಒಂಬತ್ತು.

ನೋವಿನ ಮಾತ್ರೆ ಎರಡೂ ಬಂದ್. ಒಂದು ಹೊಟ್ಟೆಯಲ್ಲಿ ರಕ್ತ ತರಿಸಿತು. ಇನ್ನೊಂದನ್ನು ನುಂಗಿದ ದಿನ ನಾನು ಗೋಡೆಯ ಕಡೆ ತಿರುಗಿ "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಹೋಗಿ" ಎಂದು ಗದರಿಸುತ್ತಿದ್ದೆನಂತೆ. ಹೆಂಡತಿ ನಗಲೂ ಆಗದೆ ಅಳಲೂ ಆಗದೆ ಡಾಕ್ಟರಿಗೆ ಫೋನು ಮಾಡಿದಳು. ಈಗ ಮಾತ್ರೆಯಿಲ್ಲದೆ ಏನಾಗುತ್ತದೋ ನೋಡಬೇಕು. ಅದಕ್ಕೇ ಫಿಸಿಯೋ ಮೇಡಂ ಮನೆಗೆ ಬರುವುದು. ವಯಸ್ಸಿಗೆ ಮಗಳ ಹಾಗೆ, ಮಾತಿಗೆ ಅತ್ತೆಯ ಹಾಗೆ.

ಅವರು ಹೇಳುವ ಪ್ರಕಾರ ವಿಷಯ ಇಷ್ಟು. ಕೃತಕ ಕಾಲಿಗೆ ಅಳತೆ ಕೊಡಬೇಕಾದರೆ ಮೊಂಡುಗಾಲನ್ನು ಬೇರೆಯವರು ಮುಟ್ಟಬೇಕು, ಒತ್ತಬೇಕು, ಅದಕ್ಕೆ ಪ್ಲಾಸ್ಟರ್ ಸುತ್ತಬೇಕು. ಈಗ ಹೊದಿಕೆಯ ಅಂಚು ತಾಗಿದರೂ ನಾನು ಹಲ್ಲು ಕಚ್ಚುತ್ತೇನೆ. ನೋವು ಇಳಿಯದೆ ಅಳತೆ ಇಲ್ಲ, ಅಳತೆ ಇಲ್ಲದೆ ಕಾಲಿಲ್ಲ. ಕಾಲಿಲ್ಲದೆ ನಾನು ಈ ಕೋಣೆಯಿಂದ ಹೊರಗಿಲ್ಲ. ನಾವಿರುವುದು ಎರಡನೆಯ ಮಹಡಿ, ಲಿಫ್ಟ್ ಇಲ್ಲ. ಆಸ್ಪತ್ರೆಯಿಂದ ಬಂದ ದಿನ ನಾಲ್ಕು ಜನ ನನ್ನನ್ನು ಕುರ್ಚಿ ಸಮೇತ ಹೊತ್ತು ತಂದರು, ಬೀರು ಸಾಗಿಸುವ ಹಾಗೆ. ಊರುಗೋಲು ಹಿಡಿದು ಒಮ್ಮೆ ಮೆಟ್ಟಿಲ ತನಕ ಹೋಗಿದ್ದೆ. ಇಲ್ಲದ ಪಾದವನ್ನು ಕೆಳಗಿನ ಮೆಟ್ಟಿಲ ಮೇಲೆ ಇಟ್ಟೆ. ಹೆಂಡತಿ ಅಂಗಿಯ ಕಾಲರ್ ಹಿಡಿದು ಎಳೆಯದಿದ್ದರೆ ಅವತ್ತೇ ಮುಗಿಯುತ್ತಿತ್ತು.

ಕಿಟಕಿಯಿಂದ ಬಸ್ ನಿಲ್ದಾಣದ ಅರ್ಧ ಭಾಗ ಕಾಣುತ್ತದೆ. ಬಸ್ಸುಗಳ ಮೂತಿ ಕಾಣುವುದಿಲ್ಲ, ಬೆನ್ನು ಮಾತ್ರ.

ಜೂನ್ 9, ಸೋಮವಾರ

ಎಂಟು.

ಬಟ್ಟೆ ಸವರುವ ಕೆಲಸ ಶುರು. ನರಕ್ಕೆ ಮುಟ್ಟುವುದು ರೂಢಿಯಾಗಬೇಕಂತೆ. ಮೊದಲು ಹತ್ತಿ, ಆಮೇಲೆ ಮೆತ್ತನೆ ಬಟ್ಟೆ, ಆಮೇಲೆ ಒರಟು. ಹೆಂಡತಿ ಯೂನಿಫಾರ್ಮ್ ಹೊಲಿಯುವ ಕಡೆ ಕೆಲಸ ಮಾಡುತ್ತಾಳೆ, ಅಲ್ಲಿಂದ ತುಂಡು ಬಟ್ಟೆಗಳನ್ನು ಚೀಲದಲ್ಲಿ ತಂದಿದ್ದಾಳೆ. ಹತ್ತಿ ತಾಗಿಸಿದಳು. ಬೆಂಕಿ ತಾಗಿಸಿದ ಹಾಗಾಯಿತು. ಕೈ ತಳ್ಳಿದೆ. ಚೀಲ ಬಿದ್ದು ತುಂಡುಗಳೆಲ್ಲ ಚೆಲ್ಲಿದವು.

"ನಿನ್ನ ಹೊಲಿಗೆ ಮಿಷನ್ ಅಲ್ಲ ಇದು" ಎಂದೆ.

"ಮಿಷನ್ ಆಗಿದ್ರೆ ಎಣ್ಣೆ ಬಿಟ್ಟು ಸುಮ್ಮನೆ ಇರ್ತಿದ್ದೆ" ಎಂದಳು. ಒಂದೊಂದೇ ತುಂಡು ಆರಿಸಿಕೊಂಡು ಎದ್ದು ಹೋದಳು.

ಜೂನ್ 10, ಮಂಗಳವಾರ

ಬೆಳಿಗ್ಗೆ ಎಂಟು, ಸಂಜೆ ಒಂಬತ್ತು.

ಮೇಡಂಗೆ ಉದ್ದನೆಯ ಕನ್ನಡಿ ಬೇಕಿತ್ತು. ಮನೆಯಲ್ಲಿರುವುದು ಕಬ್ಬಿಣದ ಬೀರುವಿನ ಬಾಗಿಲಿಗೆ ಹಾಕಿದ್ದು ಒಂದೇ. ಹೆಂಡತಿ ಸ್ಕ್ರೂ ಡ್ರೈವರ್ ತಂದು ತಾನೇ ಬಿಚ್ಚಿದಳು. "ತಗೊಳ್ಳಿ ಮೇಡಂ. ನನ್ನ ಮುಖ ನೋಡಿ ನೋಡಿ ಅದಕ್ಕೂ ಬೇಜಾರಾಗಿದೆ."

ಹಾಸಿಗೆಯ ಮೇಲೆ ಎರಡು ಕಾಲಿನ ನಡುವೆ ಕನ್ನಡಿ ನಿಲ್ಲಿಸಿದರು. ಮೊಂಡುಗಾಲು ಕನ್ನಡಿಯ ಹಿಂದೆ ಅಡಗಿತು. ಎಡಗಾಲು ಕನ್ನಡಿಯಲ್ಲಿ ಬಿದ್ದು ಬಲಗಾಲಾಯಿತು. ನೋಡಿದೆ. ಎರಡು ಕಾಲು ಇದ್ದವು. ಬಲಗಾಲಿಗೆ ಉಗುರಿತ್ತು, ಕೂದಲಿತ್ತು.

"ಪಾದ ಕೆಳಗೆ ಒತ್ತಿ, ನಿಧಾನಕ್ಕೆ ಮೇಲೆ ಬಿಡಿ. ಕಣ್ಣು ಕನ್ನಡಿ ಮೇಲೇ ಇರ್ಲಿ. ಮಿದುಳಿಗೆ ಕಾಲಿನಿಂದ ಸುದ್ದಿ ಬರ್ತಿಲ್ಲ ಅಂಕಲ್, ಅದಕ್ಕೇ ಅದು ಹಳೇ ಸುದ್ದಿನೇ ಓದ್ತಾ ಕೂತಿದೆ. ನಾವು ಹೊಸ ಸುದ್ದಿ ಕೊಡೋಣ."

ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಮೇಡಂ ಹೋದ ಮೇಲೆ ಇಲ್ಲದ ಮೀನಖಂಡ ಹಗ್ಗ ಹುರಿಗಟ್ಟಿದ ಹಾಗೆ ಬಿಗಿಯಿತು. ಇದೇನು ಹೊಸ ಸುದ್ದಿಯೋ.

ಜೂನ್ 14, ಶನಿವಾರ

ಒಂಬತ್ತು.

ಹೇಳಿದ ಹಾಗೆ ದಿನವೂ ಮಾಡುತ್ತಿದ್ದೇನೆ. ಮಾಡಿದಷ್ಟೂ ಹೆಚ್ಚುತ್ತಿದೆ. ಇವತ್ತು ಕನ್ನಡಿಯನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದ್ದೇನೆ.

ಜೂನ್ 15, ಭಾನುವಾರ

ಒಂಬತ್ತು.

ಅಪಘಾತವಾದ ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು. ಲಾರಿಗೆ ಬಸ್ ಡಿಕ್ಕಿ, ಚಾಲಕನಿಗೆ ಗಂಭೀರ ಗಾಯ, ಪ್ರಯಾಣಿಕರು ಪಾರು. ಅದರಲ್ಲಿ ತಪ್ಪೇನಿಲ್ಲ. ಬಿಟ್ಟುಹೋದದ್ದನ್ನು ಇಲ್ಲಿ ಬರೆಯುತ್ತೇನೆ.

ಇಳಿಜಾರು ರಸ್ತೆ. ತಿರುವಿನಲ್ಲಿ ಕೆಟ್ಟು ನಿಂತ ಲಾರಿ, ಹಿಂದೆ ದೀಪವೂ ಇಲ್ಲ, ಗುರುತಿಗೆ ಒಂದು ಕಲ್ಲೂ ಇಲ್ಲ. ಬ್ರೇಕ್ ಒತ್ತಿ ಪಕ್ಕಕ್ಕೆ ತಿರುಗಿಸಿದೆ. ಬಸ್ಸಿನ ನನ್ನ ಕಡೆಯ ಮೂಲೆ ಲಾರಿಗೆ ಬಡಿದು ಒಳಗೆ ಕುಸಿಯಿತು. ಬಸ್ಸು ರಸ್ತೆಯ ಅಂಚಿಗೆ ಬಂದು ನಿಂತಿತು, ಮುಂದೆ ಪ್ರಪಾತದಂಥ ಇಳಿಜಾರು. ಹ್ಯಾಂಡ್ ಬ್ರೇಕಿನ ಮೇಲೆ ತಗಡು ಮುರಿದು ಬಿದ್ದಿತ್ತು, ಕೈಗೆ ಸಿಗಲಿಲ್ಲ. ಕಾಲು ಸಿಕ್ಕಿಹಾಕಿಕೊಂಡಿತ್ತು, ಆದರೆ ಪೆಡಲ್ ಪಾದದ ಕೆಳಗೇ ಇತ್ತು. ಬಿಟ್ಟರೆ ಬಸ್ಸು ಜಾರುತ್ತದೆ. ಒತ್ತಿ ಹಿಡಿದೆ. "ಎಲ್ಲಾರನ್ನೂ ಇಳಿಸೋ" ಎಂದು ಚಿಲ್ಲರೆಗೆ ಕೂಗಿದೆ.

ಚಿಲ್ಲರೆ ಎಂದರೆ ನನ್ನ ಕಂಡಕ್ಟರ್. ಯಾರು ಕೇಳಿದರೂ ಚಿಲ್ಲರೆ ಇಲ್ಲ ಎನ್ನುವವನು, ಅದಕ್ಕೇ ಆ ಹೆಸರು. ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಡ್ರೈವರ್‌ಗೆ ಹಿಂದಿನ ಬಾಗಿಲು ಕಾಣುವುದಿಲ್ಲ. ಕೊನೆಯವರು ಇಳಿದ ಮೇಲೆ ಕಂಡಕ್ಟರ್ ಬಸ್ಸಿನ ಮೈಮೇಲೆ ಅಂಗೈಯಿಂದ ಎರಡು ಸಲ ಬಡಿಯುತ್ತಾನೆ. ಆಮೇಲೇ ಬ್ರೇಕ್ ಬಿಡುವುದು. ಅದಕ್ಕಿಂತ ಮೊದಲು ಬಿಟ್ಟವನನ್ನು ಡಿಪೋದಲ್ಲಿ ಯಾರೂ ಡ್ರೈವರ್ ಎನ್ನುವುದಿಲ್ಲ.

ಬಡಿಯುವುದನ್ನು ಕಾಯುತ್ತಿದ್ದೆ. ಮುಂದಿನದು ನೆನಪಿಲ್ಲ. ಯಾರೋ ಚಕ್ರಕ್ಕೆ ಕಲ್ಲು ಕೊಟ್ಟರಂತೆ, ತಗಡು ಕೊಯ್ದು ನನ್ನನ್ನು ತೆಗೆದರಂತೆ. ಪಾದ ಉಳಿಸುವ ಹಾಗಿರಲಿಲ್ಲವಂತೆ.

ಅವತ್ತಿನಿಂದ ಚಿಲ್ಲರೆ ಈ ಕಡೆ ತಲೆ ಹಾಕಿಲ್ಲ. ಆಸ್ಪತ್ರೆಗೂ ಬರಲಿಲ್ಲ, ಮನೆಗೂ ಬರಲಿಲ್ಲ. ಎಲ್ಲರೂ ಕ್ಷೇಮ ಎಂದು ಅವರಿವರ ಕೈಲಿ ಹೇಳಿ ಕಳಿಸುತ್ತಾನೆ. ಇರಲಿ. ಅವನಿಗೆ ಈಗ ಬೇರೆ ಡ್ರೈವರ್ ಸಿಕ್ಕಿರಬೇಕು.

ಜೂನ್ 21, ಶನಿವಾರ

ಒಂಬತ್ತು. ಬರೆಯಲಾರೆ.

ಜೂನ್ 27, ಶುಕ್ರವಾರ

ಎಂಟು.

ಮೇಡಂ ಒಂದು ಪುಟ್ಟ ಯಂತ್ರ ತಂದಿದ್ದರು. ಚರ್ಮಕ್ಕೆ ಅಂಟಿಸಿದರೆ ಜುಮುಜುಮು ಎಂದು ಕರೆಂಟು ಹರಿಯುತ್ತದೆ. ಹಾಕಿಕೊಂಡಿರುವಾಗ ನೋವು ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ತೆಗೆದರೆ ಪಾಳಿ ಬದಲಾದವನ ಹಾಗೆ ಬಂದು ಸೀಟಿನಲ್ಲಿ ಕೂರುತ್ತದೆ.

ಕನ್ನಡಿ ಗೋಡೆ ನೋಡುತ್ತಿರುವುದು ಅವರ ಕಣ್ಣಿಗೆ ಬಿತ್ತು. ಬೈಯುತ್ತಾರೆ ಎಂದುಕೊಂಡೆ. "ನನ್ನೆದುರಿಗೆ ಒಂದು ಸಲ ಮಾಡಿ" ಎಂದರು. ಮಾಡಿದೆ. ಅವರು ನನ್ನ ಮುಖ ನೋಡಲಿಲ್ಲ, ಎಡಗಾಲನ್ನೇ ನೋಡುತ್ತಿದ್ದರು.

"ಅಂಕಲ್, ಬಸ್ಸಲ್ಲಿ ಎಡಗಾಲಿಗೆ ಏನು ಕೆಲಸ?"

"ಕ್ಲಚ್ಚು."

"ಕ್ಲಚ್ ಯಾವಾಗ ಒತ್ತೋದು?"

"ಗೇರ್ ಬದಲಾಯಿಸುವಾಗ. ಗಾಡಿ ನಿಲ್ಲಿಸುವಾಗ..."

ಹೇಳುತ್ತಿದ್ದ ಹಾಗೇ ನನಗೆ ಹೊಳೆಯಿತು. ಗಾಡಿ ನಿಲ್ಲಿಸುವಾಗ ಎಡಗಾಲು ಒಂದೇ ಕೆಳಗೆ ಹೋಗುವುದಿಲ್ಲ. ಎಡಗಾಲು ಕ್ಲಚ್ಚಿಗೆ, ಬಲಗಾಲು ಬ್ರೇಕಿಗೆ, ಎರಡೂ ಜೊತೆಗೆ ಹೋಗುತ್ತವೆ. ಅರ್ಧ ಆಯಸ್ಸು ಹಾಗೇ ಕಳೆದಿದ್ದೇನೆ. ಎಡಗಾಲು ಒತ್ತಿದಾಗಲೆಲ್ಲ ಇಲ್ಲದ ಬಲಗಾಲು ಇನ್ನಷ್ಟು ಬಿಗಿಯಾಗಿ ಬ್ರೇಕ್ ಒತ್ತುತ್ತಿತ್ತು. ಬೇರೆ ಯಾರಿಗಾದರೂ ಇದು ವ್ಯಾಯಾಮವಾಗುತ್ತಿತ್ತು. ನನಗೆ ಡ್ಯೂಟಿಯಾಯಿತು.

ಮೇಡಂ ಹಣೆ ಹಿಡಿದುಕೊಂಡರು. "ಅಯ್ಯೋ, ದಿನಾ ಕೂರಿಸ್ಕೊಂಡು ಬ್ರೇಕ್ ಹಾಕ್ಸಿದ್ದೀನಿ ನಿಮ್ಮ ಕೈಲಿ!"

"ಕೈಲಲ್ಲ, ಕಾಲಲ್ಲಿ" ಎಂದೆ. ಒಳಗಿನಿಂದ ಹೆಂಡತಿ ನಕ್ಕ ಸದ್ದು ಕೇಳಿಸಿತು.

ಆತುರ ಮಾಡಿದ್ದು ತಪ್ಪಾಯಿತು ಎಂದರು ಮೇಡಂ. ಮೊದಲು ಚಿತ್ರ ನೋಡಿ ಎಡವೋ ಬಲವೋ ಹೇಳುವುದು. ಆಮೇಲೆ ಅಲುಗಾಡದೆ, ಕಾಲು ಚಲಿಸಿದಂತೆ ಮನಸ್ಸಿನಲ್ಲಿ ನೆನೆಯುವುದು. ಕನ್ನಡಿ ಕೊನೆಗೆ. ಅದರಲ್ಲೂ ಪೆಡಲ್ ಒತ್ತುವಂಥದ್ದು ಯಾವುದೂ ಬೇಡ.

ಜುಲೈ 3, ಗುರುವಾರ

ಏಳು.

ಮೇಡಂ ಕೊಟ್ಟ ಚೀಟಿಗಳಲ್ಲಿ ಬರೀ ಪಾದದ ಚಿತ್ರ. ಮೇಲಿನಿಂದ, ಅಡಿಯಿಂದ, ತಲೆಕೆಳಗಾಗಿ. ಎಡ ಅಥವಾ ಬಲ ಎಂದು ತಟ್ಟನೆ ಹೇಳಬೇಕು. ಸುಲಭ ಎಂದುಕೊಂಡಿದ್ದೆ. ಬಲಪಾದ ಬಂದಾಗಲೆಲ್ಲ ತಡವರಿಸುತ್ತೇನೆ. ಹೆಂಡತಿ ಊಟದ ತಟ್ಟೆ ಬದಿಗಿಟ್ಟು ಇಸ್ಪೀಟು ಎಸೆದ ಹಾಗೆ ಒಂದೊಂದೇ ಎಸೆಯುತ್ತಾಳೆ.

"ಎಡ."

"ಬಲ ರೀ ಅದು. ಹೆಬ್ಬೆರಳು ನೋಡಿ."

"ತಲೆಕೆಳಗೆ ಹಿಡಿದಿದ್ದೀಯ."

"ಸೋತೋರು ಹೇಳೋದೇ ಹಾಗೆ."

ಆಟ ಬದಲಾಯಿಸಿ ಅವಳಿಗೆ ನಾನು ಎಸೆದೆ. ಒಂದೂ ತಪ್ಪಲಿಲ್ಲ. ದಿನವಿಡೀ ಎಡತೋಳು ಬಲತೋಳು ಜೋಡಿಸುವವಳು, ಅವಳಿಗೇನು ಕಷ್ಟ.

ಜುಲೈ 8, ಮಂಗಳವಾರ

ಆರು.

ಮತ್ತೆ ಕನ್ನಡಿ. ಈ ಸಲ ಎಡಪಾದದ ಕೆಳಗೆ ಒದ್ದೆ ಟವೆಲ್ ಹಾಸಿದ್ದಾರೆ. ಒತ್ತುವುದಿಲ್ಲ, ಬೆರಳುಗಳನ್ನು ಬೀಸಣಿಗೆಯಂತೆ ಬಿಡಿಸುವುದು, ಅಷ್ಟೇ. ಬೆರಳು ಬಿಡಿಸಿದರೆ ಯಾವ ಗಾಡಿಯೂ ನಿಲ್ಲುವುದಿಲ್ಲ. ಕನ್ನಡಿಯೊಳಗಿನ ಬಲಪಾದದ ಬೆರಳು ಬಿಡಿಸಿಕೊಂಡವು. ಇಲ್ಲದ ಬೆರಳೂ, ಕಿರುಬೆರಳಿನಿಂದ ಶುರುವಾಗಿ ಮೂರು ಬಿಡಿಸಿಕೊಂಡವು. ತಂಪು ತಾಗಿತು. ಸುಳ್ಳಲ್ಲ, ಒದ್ದೆ ಟವೆಲಿನ ತಂಪು.

ಆದರೆ ಪಾದ ಪೆಡಲ್ ಬಿಟ್ಟಿಲ್ಲ. ಬೆರಳು ಸಡಿಲ, ಹಿಮ್ಮಡಿ ಬಿಗಿ. "ಏನಕ್ಕೆ ಬಿಡ್ತಿಲ್ಲ ಅನ್ಸುತ್ತೆ?" ಎಂದು ಮೇಡಂ ಕೇಳಿದರು. ನನಗೇನು ಗೊತ್ತು.

ಜುಲೈ 13, ಭಾನುವಾರ

ಬೆಳಿಗ್ಗೆ ಆರು.

ಮಧ್ಯಾಹ್ನ ಊಟವಾದ ಮೇಲೆ ಬಾಗಿಲಲ್ಲಿ ಚಿಲ್ಲರೆ. ಹೆಂಡತಿ ಕರೆಸಿದ್ದಳೋ, ತಾನಾಗಿ ಬಂದನೋ ಇಬ್ಬರೂ ಹೇಳಲಿಲ್ಲ. ಸೊರಗಿ ಇಳಿದುಹೋಗಿದ್ದಾನೆ. ಕುರ್ಚಿಯ ತುದಿಯಲ್ಲಿ, ಟಿಕೆಟ್ ಇಲ್ಲದೆ ಹತ್ತಿದವನ ಹಾಗೆ ಕೂತ. ಕಿಟಕಿ ನೋಡಿದ, ಫ್ಯಾನ್ ನೋಡಿದ, ನನ್ನ ಸೊಂಟದಿಂದ ಕೆಳಗೆ ಮಾತ್ರ ನೋಡಲಿಲ್ಲ.

"ಈಗ ದಾರಿ ಗೊತ್ತಾಯ್ತೇನೋ?" ಎಂದೆ.

"ದಿನಾ ಬರ್ಬೇಕು ಅಂತ್ಲೇ ಹೊರಡ್ತಿದ್ದೆ ಗುರುವೇ. ಈ ಬೀದಿ ತನಕ ಬಂದ್ಮೇಲೆ ಕಾಲೇ ಬರ್ತಿರ್ಲಿಲ್ಲ..."

ಹೇಳಿದವನು ನಾಲಿಗೆ ಕಚ್ಚಿಕೊಂಡ. ಮುಖ ಕಪ್ಪಿಟ್ಟಿತು. ನನಗೆ ಎಲ್ಲಿಂದ ನಗು ಬಂತೋ.

"ನಿನಗೂ ಬರಲಿಲ್ವಾ? ಸರಿ, ಜೋಡಿ ಆಯ್ತು ಬಿಡು."

ಅವನೂ ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ. ಹೆಂಡತಿ ಟೀ ಇಟ್ಟು ಒಳಗೆ ಹೋದಳು.

ಸ್ವಲ್ಪ ಹೊತ್ತು ಡಿಪೋ ಸುದ್ದಿ. ಆಮೇಲೆ ಕೇಳಿದೆ: "ಎಲ್ಲಾ ಇಳಿದ್ರೇನೋ?"

"ಎಷ್ಟು ಸಲ ಹೇಳಿ ಕಳಿಸಿದ್ದೀನಿ! ಎಲ್ಲಾ ಇಳಿದ್ರು. ಒಬ್ಬರಿಗೂ ಏನೂ ಆಗ್ಲಿಲ್ಲ."

"ಹೇಳಿ ಕಳಿಸಿದ್ದೀಯ. ಬಡಿಯಲಿಲ್ಲ."

ಟೀ ಲೋಟ ಅವನ ಬಾಯಿಯ ಹತ್ತಿರ ನಿಂತಿತು. ಅದನ್ನು ಕೆಳಗಿಟ್ಟು ಹೇಳಿದ, "ಕೊನೇಲಿ ಒಂದು ಅಜ್ಜಿ ಉಳ್ಕೊಂಡಿತ್ತು ಗುರುವೇ. ಸೀಟಿನ ಕಂಬಿ ಬಿಡ್ತಾನೇ ಇರ್ಲಿಲ್ಲ. ಬೆನ್ನ ಮೇಲೆ ಹೊತ್ಕೊಂಡು ಇಳಿಸಿ ರಸ್ತೆ ಆಚೆ ಕೂರಿಸಿ ಓಡಿ ಬಂದೆ. ಕೈ ಎತ್ತಿದ್ದೆ, ಬಡಿಯೋಕೆ. ನೋಡಿದ್ರೆ ನೀನು ಸ್ಟೇರಿಂಗ್ ಮೇಲೆ ತಲೆ ಇಟ್ಟಿದ್ದೆ. ಯಾರಿಗೆ ಅಂತ ಬಡೀಲಿ?"

ಕನ್ನಡಿಯನ್ನು ಎಳೆದು ಕಾಲುಗಳ ನಡುವೆ ನಿಲ್ಲಿಸಿಕೊಂಡೆ, ಸಂಜೆಯ ವ್ಯಾಯಾಮ ಬಾಕಿ ಇತ್ತು. ಎರಡು ಕಾಲು ಕಂಡು ಚಿಲ್ಲರೆ ಬೆಚ್ಚಿ ಎದ್ದ. ಇದು ಹೀಗೆ ಹೀಗೆ ಎಂದು ವಿವರಿಸಿದೆ. ಬೆರಳು ಬಿಡಿಸಿಕೊಂಡಿವೆ, ಪಾದ ಬಿಡುತ್ತಿಲ್ಲ ಎಂದೂ ಹೇಳಿದೆ. ಅವನು ಕನ್ನಡಿ ನೋಡಿದ, ನನ್ನ ಮುಖ ನೋಡಿದ. ನಡೆದು ನನ್ನ ಬೆನ್ನ ಹಿಂದೆ ಹೋದ. ಅಲ್ಲಿ ಬೀರು ಇದೆ.

ಡಬ್, ಡಬ್.

"ಎಲ್ಲಾ ಇಳಿದ್ರು!" ಎಂದು ಕೂಗಿದ, ನಿಲ್ದಾಣದಲ್ಲಿ ಕೂಗುವಷ್ಟೇ ಜೋರಾಗಿ.

ಎಡಪಾದ ತಾನಾಗಿ ಮೇಲೆ ಬಂತು. ಕನ್ನಡಿಯಲ್ಲಿ ಬಲಪಾದ ಮೇಲೆ ಬಂತು. ಕನ್ನಡಿಯ ಹಿಂದೆ, ಏನೂ ಇಲ್ಲದ ಜಾಗದಲ್ಲಿ, ಪೆಡಲ್ಲಿನ ಸ್ಪ್ರಿಂಗು ಪಾದವನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ್ದು ನನಗೆ ಗೊತ್ತಾಯಿತು. ಹಿಮ್ಮಡಿ ನೆಲಕ್ಕೆ ಬಂತು.

"ಬೀರು ಒಡೀತೀರಾ ಇಬ್ರೂ ಸೇರ್ಕೊಂಡು?" ಹೆಂಡತಿ ಓಡಿ ಬಂದಳು.

"ಏನಿಲ್ಲ ಅತ್ತಿಗೆ" ಎಂದ ಚಿಲ್ಲರೆ. ನಾನೂ ಏನಿಲ್ಲ ಎಂದೆ. ಅವಳು ನಮ್ಮಿಬ್ಬರ ಮುಖ ನೋಡಿ ಮತ್ತೆ ಕೇಳಲಿಲ್ಲ.

ಜುಲೈ 14, ಸೋಮವಾರ

ಬೆಳಿಗ್ಗೆ ಮತ್ತೆ ಆರು. ಪಾದ ಮತ್ತೆ ಪೆಡಲಿನ ಮೇಲೆ. ಮೋಸ ಹೋದೆನೇ?

ಮೇಡಂಗೆ ಫೋನಿನಲ್ಲಿ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಒಂದು ಸಲ ಬಿಟ್ಟಿದೆ ಅಲ್ವಾ, ಇನ್ನು ಅದಕ್ಕೆ ದಾರಿ ಗೊತ್ತು. ದಿನಾ ಮಾಡ್ಸಿ. ಬಟ್ಟೆ ಸವರೋದು ಮಾತ್ರ ಬಿಡ್ಬೇಡಿ" ಎಂದರು.

ಮಂಚದ ಚೌಕಟ್ಟಿಗೆ ನಾನೇ ಎರಡು ಸಲ ಬಡಿದು ನೋಡಿದೆ. ಏನೂ ಆಗಲಿಲ್ಲ. ಹಿಂದಿನಿಂದ ಬರಬೇಕು, ಬೇರೆಯವರ ಕೈಯಿಂದ. ಕೆಲಸಕ್ಕೆ ಹೊರಟಿದ್ದ ಹೆಂಡತಿಯನ್ನು ನಿಲ್ಲಿಸಿ ಹೇಳಿದೆ. ಬೆರಳ ಗೆಣ್ಣಿನಿಂದ ಟಕ್, ಟಕ್ ಎನಿಸಿದಳು.

"ಪಕ್ಕದ ಮನೆಯವರ ಬಾಗಿಲು ತಟ್ಟಿದ ಹಾಗಾಯ್ತು. ಅಂಗೈ, ಅಂಗೈ."

"ತಡವಾಗುತ್ತೆ ರೀ ನನಗೆ" ಎಂದವಳು ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಬೀರುವಿಗೆ ಎರಡು ಬಾರಿಸಿದಳು. ಮನಸ್ಸಿನಲ್ಲಿದ್ದದ್ದೆಲ್ಲ ಸೇರಿಸಿಯೇ ಬಾರಿಸಿದಳು ಎಂದು ಕಾಣುತ್ತದೆ. ಬೀರುವಿನ ಮೇಲಿದ್ದ ಪೆಟ್ಟಿಗೆ ಬಿತ್ತು.

ಪಾದ ಮೇಲೆ ಬಂತು.

ಜುಲೈ 29, ಮಂಗಳವಾರ

ನಾಲ್ಕೋ ಐದೋ.

ಉಣ್ಣೆ ಬಟ್ಟೆ ಆಯಿತು, ಈಗ ಜೀನ್ಸ್ ತುಂಡು. ಇವಳು ಸವರುತ್ತ ಸವರುತ್ತ ತನ್ನ ಕೆಲಸದ ಕಡೆಯ ಜಗಳ ಹೇಳುತ್ತಿರುತ್ತಾಳೆ. ಗುಂಡಿ ಹಾಕುವವಳಿಗೂ ಕಾಜಾ ಹೊಲಿಯುವವಳಿಗೂ ಮಾತಿಲ್ಲವಂತೆ. ಗುಂಡಿ ತೂರದ ಹಾಗೆ ಕಾಜಾದ ಅಳತೆ ಬೇಕೆಂದೇ ಸಣ್ಣದು ಮಾಡಿದಳಂತೆ. ಯಾರದ್ದು ತಪ್ಪು ಎಂದು ಕೇಳಿದೆ. ನಾಳೆ ಹೇಳುತ್ತೇನೆ ಎಂದಳು.

ಬೆಳಿಗ್ಗೆ ಇವಳ ಬೈತಲೆ ಸೊಟ್ಟಗಿತ್ತು. ಹೇಳಿದೆ. ಕಿಟಕಿಯ ಗಾಜಿನಲ್ಲಿ ನೋಡಿಕೊಂಡು ಸರಿ ಮಾಡಿಕೊಳ್ಳಲು ಹೋದಳು. ಹೊರಗೆ ಬಿಸಿಲಿತ್ತು, ಗಾಜಿನಲ್ಲಿ ಏನು ಕಾಣುತ್ತದೆ? ಇಷ್ಟು ದಿನವೂ ಹಾಗೇ ಬಾಚಿಕೊಂಡು ಹೋಗುತ್ತಿದ್ದಳು ಎಂದಾಯಿತು.

ಆಗಸ್ಟ್ 9, ಶನಿವಾರ

ಚಿಲ್ಲರೆಯನ್ನು ಕರೆಸಿ ಕನ್ನಡಿಯನ್ನು ಬೀರುವಿನ ಬಾಗಿಲಿಗೆ ಮತ್ತೆ ಹಾಕಿಸಿದೆ. ವ್ಯಾಯಾಮಕ್ಕೆ ಅಡ್ಡಿಯಿಲ್ಲ. ಬಾಗಿಲು ತೆರೆದು, ನೆಲದ ಮೇಲೆ ದಿಂಬು ಹಾಕಿ, ಅದು ಕಾಲುಗಳ ನಡುವೆ ಬರುವಂತೆ ಕೂತರೆ ಸಾಕು. ಈಗ ನೆಲಕ್ಕೆ ಇಳಿದು ಏಳಬಲ್ಲೆ.

ಒಂದು ಸ್ಕ್ರೂ ಕಳೆದುಹೋಗಿದೆ. ಚಿಲ್ಲರೆ ಅದರ ಬದಲು ಬೆಂಕಿಕಡ್ಡಿ ತುರುಕಿದ್ದಾನೆ. ಕೇಳಿದರೆ ಚಿಲ್ಲರೆ ಸಾಮಾನು ಇಲ್ಲ ಎಂದ. ಇಂಥವನ ಜೊತೆ ಅಷ್ಟು ವರ್ಷ ಬಸ್ಸು ಓಡಿಸಿದ್ದೇನೆ.

ಇವಳು ಸಂಜೆ ಬಂದು ಬೀರುವಿನ ಮುಂದೆ ನಿಂತಳು. ಮುಖ ತೊಳೆಯದೆ, ಚೀಲವನ್ನೂ ಇಡದೆ ತುಂಬ ಹೊತ್ತು ನಿಂತೇ ಇದ್ದಳು. ಹಸಿವಾಗುತ್ತಿದೆ ಎಂದು ಕೂಗಬೇಕಾಯಿತು.

ಆಗಸ್ಟ್ 18, ಸೋಮವಾರ

ಅಳತೆ ಕೊಟ್ಟು ಬಂದೆವು.

ಮೆಟ್ಟಿಲನ್ನು ಕೂತುಕೊಂಡೇ ಇಳಿದೆ, ಒಂದೊಂದಾಗಿ, ಚಿಕ್ಕ ಮಕ್ಕಳು ಇಳಿಯುವ ಹಾಗೆ. ಮೊದಲ ಮಹಡಿಯ ಮುದುಕರು ಬಾಗಿಲು ತೆರೆದು "ಏನಿದು?" ಎಂದರು. "ಇಳೀತಿದ್ದೀನಿ" ಎಂದೆ. ಕೆಳಗೆ ಚಿಲ್ಲರೆ ತನ್ನ ಭಾವಮೈದುನನ ಹಳೆಯ ವ್ಯಾನ್ ತಂದು ನಿಲ್ಲಿಸಿದ್ದ. ಲೈಸೆನ್ಸ್ ಇದೆಯಂತೆ. ಯಾರು ಕೊಟ್ಟರೋ ಅವರನ್ನು ನೋಡಬೇಕು. ನಾನು ಅವನ ಪಕ್ಕದ ಸೀಟಿನಲ್ಲಿ, ಇವಳು ಊರುಗೋಲು ತಬ್ಬಿಕೊಂಡು ಹಿಂದೆ.

ಅವನು ಗೇರ್ ಹಾಕುವುದನ್ನು ನೋಡಿದರೆ ಬಾವಿಯಿಂದ ಕೊಡ ಎಳೆದ ಹಾಗಿರುತ್ತದೆ. ತಿರುವಿನಲ್ಲಿ ಹಾರ್ನ್ ಇಲ್ಲ. ಸೈಕಲ್ಲಿನವನೊಬ್ಬ ಅಡ್ಡ ಬಂದಾಗ ಪಕ್ಕದಲ್ಲಿ ಕೂತ ಯಾವ ಡ್ರೈವರ್ ಆದರೂ ಮಾಡುವುದನ್ನೇ ನಾನೂ ಮಾಡಿದೆ, ಇಲ್ಲದ ಕಾಲಿನಿಂದಲೇ ನೆಲ ಒತ್ತಿದೆ. ಏರಿನಲ್ಲಿ ಸಿಗ್ನಲ್ ಬಿತ್ತು. ಹಸಿರಾದ ಮೇಲೆ ಇವನಿಗೆ ಹೊರಡಲು ಧೈರ್ಯವಿಲ್ಲ, ಗಾಡಿ ಹಿಂದಕ್ಕೆ ಜಾರುತ್ತದೆಂದು ಬ್ರೇಕ್ ಒತ್ತಿಕೊಂಡು ಕೂತ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ. ಕ್ಲಚ್ಚನ್ನು ಅರ್ಧ ಬಿಡು, ನಡುಗಿದಾಗ ಬ್ರೇಕ್ ಬಿಡು ಎಂದು ಎಷ್ಟು ಹೇಳಿದರೂ ಕಿವಿಗೆ ಹೋಗುತ್ತಿಲ್ಲ. ಕೊನೆಗೆ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲ ಮೇಲೆ ಎರಡು ಬಡಿದೆ. ಹೊರಟ.

ಕಾಲು ಮಾಡುವವರು ಒಳ್ಳೆಯವರು. ಪ್ಲಾಸ್ಟರ್ ಬೆಚ್ಚಗಿತ್ತು. ಒತ್ತಿ, ತಿರುಗಿಸಿ, ಸೀಸದ ಕಡ್ಡಿಯಿಂದ ಗುರುತು ಹಾಕಿಕೊಂಡರು. ಬುಧವಾರ ಮತ್ತೆ ಬನ್ನಿ ಎಂದಿದ್ದಾರೆ. ಅಷ್ಟರಲ್ಲಿ ಇವಳು ಅಲ್ಲಿದ್ದ ಹುಡುಗಿಯ ಹತ್ತಿರ ಬೆಲ್ಟಿನ ಹೊಲಿಗೆ ಸರಿಯಿಲ್ಲ ಎಂದು ಚರ್ಚೆಗಿಳಿದಿದ್ದಳು. ಕಾಜಾದವಳದ್ದೇ ತಪ್ಪಂತೆ, ಬರುವಾಗ ದಾರಿಯಲ್ಲಿ ಹೇಳಿದಳು.

ಮಲಗುವ ಮುಂಚೆ ಬರೆದಿಡಬೇಕಾದ್ದು ಇಷ್ಟು.

ದೋಷ: ಚಿಲ್ಲರೆಯ ವ್ಯಾನ್. ಕ್ಲಚ್ ಪ್ಲೇಟ್ ಸವೆದಿದೆ. ಬ್ರೇಕ್ ತಡವಾಗಿ ಹಿಡಿಯುತ್ತದೆ. ಎಡಗಡೆಯ ಕನ್ನಡಿ ಆಕಾಶ ತೋರಿಸುತ್ತದೆ. ಹಾರ್ನ್ ಇದ್ದರೂ ಇಲ್ಲ. ಸರಿಪಡಿಸುವವರೆಗೂ ಗಾಡಿಯನ್ನು ಹೊರಗೆ ಬಿಡಬಾರದು.

ಬುಧವಾರ ಅದರಲ್ಲೇ ಹೋಗಬೇಕು.